ಪಂಚಮಿಯ ದಿನ ನೆಟ್ಟ ಸೇವಂತಿಗೆ

ಕೈತೋಟದ ವಿಡಿಯೊ ಮಾಡುವ ಹೆಣ್ಣುಮಕ್ಕಳನ್ನು ಒಂದೇ ಕಡೆ ಸೇರಿಸುವುದೆಂದರೆ ಕಪ್ಪೆ ತೂಗಿದ ಹಾಗೆ. ಕಿತ್ತೂರಿನವರಿಗೆ ಬಿಡುವಿದ್ದ ದಿನ ಸವದತ್ತಿಯವರ ಮನೆಗೆ ಎಲ್ಲಮ್ಮನ ಗುಡ್ಡಕ್ಕೆ ಹೊರಟ ನೆಂಟರು ಬಂದಿರುತ್ತಾರೆ. ಸಿರಸಂಗಿಯವರು ಬಂದೇ ಬರುತ್ತೇವೆಂದು ಹೇಳಿ ಆಮೇಲೆ ಫೋನ್ ಎತ್ತುವುದಿಲ್ಲ. ಬೈಲಹೊಂಗಲದಲ್ಲಿ ಕೂತು, ಕಂಪನಿಗಳ ಪರವಾಗಿ ಇಂಥವರನ್ನು ಕರೆಸಿ ಕಾರ್ಯಕ್ರಮ ಮಾಡುವುದು ನನ್ನ ಕಸುಬು. ಶಾಮಿಯಾನ, ಕುರ್ಚಿ, ಕುಂಡ ಎಲ್ಲ ಹೊರುವವನು ನನ್ನ ತಮ್ಮ. ಇನ್ನೊಬ್ಬರ ಬಳಿ ಇದ್ದ ಕೆಲಸ ಬಿಟ್ಟು, ನನ್ನ ಮಾತು ನಂಬಿ ಟೆಂಪೊ ತಂದವನು. ಎರಡು ಮನೆಯ ಒಲೆ ಇದರಿಂದಲೇ ಉರಿಯಬೇಕು.

ಆ ವರ್ಷ ಎರಡೂ ಆರುವ ಹಾಗಿದ್ದವು. ಒಂದರ ಹಿಂದೆ ಒಂದು ಕಾರ್ಯಕ್ರಮ ರದ್ದಾಗಿ, ಕೈಯಲ್ಲಿ ಉಳಿದದ್ದು ಕುಂಡದ ಮಣ್ಣನ್ನು ಚೀಲದಲ್ಲಿ ತುಂಬಿ ಮಾರುವ ಬೆಂಗಳೂರಿನ ಒಂದು ಕಂಪನಿ ಮಾತ್ರ. ಈ ಹೆಣ್ಣುಮಕ್ಕಳೆಲ್ಲ ಆ ಮಣ್ಣು ತುಂಬಿದ ಕುಂಡಗಳಲ್ಲಿ ಸಸಿ ನೆಡುವುದನ್ನು ನೇರಪ್ರಸಾರದಲ್ಲಿ ತೋರಿಸಬೇಕಿತ್ತು. ಮೊದಲು ಗೊತ್ತುಮಾಡಿದ್ದ ದಿನ ಮಳೆ ಸುರಿದು ಎಲ್ಲ ಹಾಳಾಯಿತು. ಇನ್ನೊಂದು ದಿನವನ್ನು ಕಂಪನಿಯವರೇ ಗೊತ್ತುಮಾಡಿದರು. ಕ್ಯಾಲೆಂಡರ್ ತಿರುವಿ ನೋಡಿದೆ: ನಾಗರ ಪಂಚಮಿ. ಅವತ್ತು ನಮ್ಮ ಕಡೆ ಯಾರೂ ನೆಲ ಅಗೆಯುವುದಿಲ್ಲ. ನಾಗಪ್ಪನಿಗೆ ನೋವಾದರೆ ಅಗೆದವಳ ಅಣ್ಣತಮ್ಮಂದಿರಿಗೆ ಕೇಡು ಎಂಬ ಅಂಜಿಕೆ. ಹೇಳಿಬಿಡೋಣವೆಂದು ಫೋನ್ ಮಾಡಿದೆ.

"ಆಗಲ್ಲ ಅಂದ್ರೆ ಹುಬ್ಬಳ್ಳಿಯವ್ರು ರೆಡಿ ಇದ್ದಾರೆ ಮೇಡಂ. ನಿಮ್ಮ ಕಡೆ ನಾಲ್ಕೂ ತಾಲ್ಲೂಕಿನ ಕೆಲಸ ಅವ್ರಿಗೇ ಕೊಟ್ಬಿಡ್ತೀವಿ," ಎಂದ ಕಂಪನಿಯ ಹುಡುಗ.

"ಆಗತೈತ್ರಿ, ಯಾಕ ಆಗೂದಿಲ್ಲ?" ಎಂದುಬಿಟ್ಟೆ. ಹಬ್ಬಕ್ಕೆ ತವರಿಗೆ ಬಂದವರೂ ಸಿಗುತ್ತಾರೆ, ಕುಂಡವೇನು ನೆಲವೇ, ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಪಂಚಮಿಯ ಬೆಳಿಗ್ಗೆ ನಾಗಪ್ಪನಿಗೆ ಹಾಲೆರೆದೆ. ಅಪ್ಪನ ಪಾಲು, ಅವ್ವನ ಪಾಲು ಎನ್ನುತ್ತ ಒಬ್ಬೊಬ್ಬರ ಲೆಕ್ಕದಲ್ಲಿ ಎರೆಯುವುದು ಪದ್ಧತಿ. ತಮ್ಮನ ಪಾಲು ಎನ್ನುವಾಗ ಅವನು ಹೊರಗೆ ಹಾರ್ನ್ ಬಾರಿಸುತ್ತಿದ್ದ, ಹೊತ್ತಾಯಿತೆಂದು.

ಬಂದರು, ಎಲ್ಲರೂ ಬಂದರು! ಇಳಕಲ್ ಸೀರೆ, ತಲೆ ತುಂಬ ಹೂವು, ಡಬ್ಬಿ ತುಂಬ ಶೇಂಗಾ ಉಂಡಿ. ಸಭಾಂಗಣದ ಅಂಗಳದಲ್ಲಿ ಜೋಕಾಲಿ ಕಟ್ಟಿಸಿದ್ದೆ. ಒಬ್ಬರನ್ನೊಬ್ಬರು ತೂಗಿ ವಿಡಿಯೊ ತೆಗೆದದ್ದೇ ತೆಗೆದದ್ದು. ಆಮೇಲೆ ಅವರನ್ನು ಕುಂಡಗಳ ಸಾಲಿನ ಮುಂದೆ ನಿಲ್ಲಿಸಿದೆ. ಕಂಪನಿಯ ಹುಡುಗ ಎದುರಿಗೆ ಫೋನ್ ಹಿಡಿದು ನಿಂತಿದ್ದ, ಅವನ ದೊಡ್ಡವರು ಬೆಂಗಳೂರಿನಲ್ಲಿ ಕೂತು ನೇರಪ್ರಸಾರ ನೋಡುತ್ತಿದ್ದರು. ಎಲ್ಲರ ಕೈಯಲ್ಲೂ ಸೇವಂತಿಗೆಯ ಸಸಿ ಇತ್ತು. ಕುಂಡಕ್ಕೆ ಮಾತ್ರ ಯಾರೂ ಕೈ ಹಾಕಲಿಲ್ಲ.

"ಇವತ್ತ ಮಣ್ಣ ಕೆದರೂದಿಲ್ರಿ," ಎಂದರು ರಾಮದುರ್ಗದ ಅಕ್ಕೋರು. ಶಾಲೆಯಿಂದ ನಿವೃತ್ತರಾಗಿ ಮಾಳಿಗೆಯ ಮೇಲೆ ಗುಲಾಬಿ ಬೆಳೆಸುತ್ತಿದ್ದ ಅವರನ್ನು ನೋಡಿಯೇ ಉಳಿದವರೆಲ್ಲ ಈ ಹುಚ್ಚು ಹಚ್ಚಿಕೊಂಡಿದ್ದರು. ಅವರು ಬೇಡವೆಂದರೆ ಮುಗಿಯಿತು.

"ಇದು ಮಣ್ಣೇ ಅಲ್ಲ ಮೇಡಂ. ತೆಂಗಿನ ನಾರು, ಗೊಬ್ಬರ ಅಷ್ಟೆ," ಎಂದು ಕಂಪನಿಯ ಹುಡುಗ ಚೀಲದ ಮೇಲಿನದನ್ನು ಓದಿ ಹೇಳಿದ.

"ನನಗ ತಿಳೀತೈತಪ್ಪಾ. ನೋಡೂ ಮಂದಿಗೆ ಹೆಂಗ ತಿಳಸ್ಲಿ? ಪಂಚಮಿ ದಿನಾನ ಅಕ್ಕೋರು ಮಣ್ಣ ಅಗದ್ರು ಅಂತಾರ. ನನಗೂ ತಮ್ಮಂದಿರದಾರ."

ನಾಳೆ ನೆಡೋಣವೆಂದೆ. ಹುಡುಗ ಫೋನ್ ತೋರಿಸಿದ. ಯಾಕೆ ಶುರುವಾಗಿಲ್ಲವೆಂದು ಮೇಲಿನವರು ಕೇಳುತ್ತಿದ್ದರು. ಕಿತ್ತೂರಿನವರಿಗೆ ಕೈ ಮುಗಿದೆ, ಮನೋಳಿಯವರ ಗಲ್ಲ ಹಿಡಿದೆ. ನಗುತ್ತಲೇ ಹಿಂದೆ ಸರಿದರು. ಅವರ ಮೇಲೆ, ಆ ಹುಡುಗನ ಮೇಲೆ, ನಿಜ ಹೇಳುತ್ತೇನೆ, ನಾಗಪ್ಪನ ಮೇಲೂ ಸಿಟ್ಟು ಬಂತು. ಅಳುವುದಕ್ಕೂ ಅಲ್ಲಿ ಜಾಗವಿರಲಿಲ್ಲ.

"ನೀವಾದ್ರೂ ನೆಡಿ ಮೇಡಂ, ಇಲ್ಲಾಂದ್ರೆ ಇವತ್ತಿಗೇ ಮುಗೀತು," ಎಂದು ಹುಡುಗ ಪಿಸುಗುಟ್ಟಿದ.

ಸಸಿ ತೆಗೆದುಕೊಂಡು ಕುಂಡದ ಮುಂದೆ ಕುಳಿತೆ. ಅಕ್ಕೋರು ಗಪ್ಪನೆ ನನ್ನ ಮಣಿಕಟ್ಟು ಹಿಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಅಂಜಿಕೆ ಇತ್ತು.

"ಬ್ಯಾಡ ತಂಗಿ. ನಿನಗ ಅಣ್ಣ ತಮ್ಮ ಯಾರೂ ಇಲ್ಲೇನ?"

ಇದ್ದಾನೆ ಎಂದರೆ ಅವರು ಕೈ ಬಿಡುವುದಿಲ್ಲ. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಯಾರೂ ಇಲ್ರಿ ಅಕ್ಕೋರ. ಮೇಡಂ ಅವ್ರು ಅಪ್ಪ ಅವ್ವಗ ಒಬ್ಬರೇ ಮಗಳ್ರಿ."

ನನ್ನ ತಮ್ಮ. ಹೆಗಲ ಮೇಲೆ ಚೀಲ, ಅಂಗಿಯೆಲ್ಲ ಬೆವರು. ಪರವೂರಿನಿಂದ ಬಂದ ಅವರೆಲ್ಲ ಅವನನ್ನು ಯಾವನೋ ಹಮಾಲನೆಂದೇ ತಿಳಿದಿದ್ದರು. ಹೇಳಿದವನು ನನ್ನ ಕಡೆ ನೋಡಲಿಲ್ಲ, ಚೀಲ ಇಳಿಸಿ ಹೊರಗೆ ಹೋದ.

"ಅಯ್ಯ, ಪಾಪ," ಎಂದು ಅಕ್ಕೋರು ನನ್ನ ತಲೆ ಸವರಿ ಕೈ ಬಿಟ್ಟರು.

ಕುಂಡದೊಳಗೆ ಕೈ ಹಾಕಿದೆ. ಒಳಗೆ ತಣ್ಣಗಿತ್ತು. ಹುಡುಗ ಫೋನ್ ಹತ್ತಿರ ತಂದು "ಸ್ವಲ್ಪ ನಗಿ ಮೇಡಂ" ಎಂದ. ನಕ್ಕೆ. ಸಸಿ ನೆಟ್ಟು ಬುಡ ಒತ್ತಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಪರದೆಯ ಮೇಲೆ ಕೆಂಪು ಹೃದಯಗಳು ಏರತೊಡಗಿದವು. "ಸೂಪರ್! ಮೇಲಿನವ್ರಿಗೆ ಇಷ್ಟ ಆಯ್ತು, ಇನ್ನೊಂದು ನೆಡಿ," ಎಂದ ಹುಡುಗ.

ತಮ್ಮ ಇನ್ನೊಂದು ಕುಂಡ ಹೊತ್ತು ತಂದು ನನ್ನ ಮುಂದೆ ನಿಂತ.

"ಎಲ್ಲಿ ಇಡ್ಲಿರಿ ಮೇಡಂ?"

ನಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು.

"ಇಲ್ಲೇ ಇಡ್ರಿ," ಎಂದೆ.