ಏಳನೇ ನಿಯಮ

ಅತ್ತೆಯನ್ನು ಎಡ ಮಗ್ಗುಲಿನಿಂದ ಬಲ ಮಗ್ಗುಲಿಗೆ ಹೊರಳಿಸುವುದು. ಒದ್ದೆ ಹಾಸು ಎಳೆದು ಒಣ ಹಾಸು ತೂರಿಸುವುದು. ಬೆನ್ನು ಒರೆಸಿ ಪುಡಿ ಹಚ್ಚುವುದು, ಸೊಂಟದ ಹತ್ತಿರದ ಕೆಂಪು ಕಲೆ ನಿನ್ನೆಗಿಂತ ಅಗಲವಾಗಿದೆಯೇ ಎಂದು ಬೆರಳಿಟ್ಟು ಅಳೆಯುವುದು. ಹಾಸನ್ನು ಬಕೆಟ್ಟಿನಲ್ಲಿ ನೆನೆಹಾಕುವುದು. ಹಾಲು ಉಕ್ಕುವುದರೊಳಗೆ ತರಕಾರಿ ಹೆಚ್ಚಿ ಮುಗಿಸುವುದು. ಗಂಡನ ವಾಕಿಂಗ್ ಬೂಟನ್ನು ಬಾಗಿಲ ಬಳಿ ಇಡುವುದು. ಇಡದಿದ್ದರೆ ಅವನು ಹುಡುಕುತ್ತಾನೆ, ಅವನು ಹುಡುಕಿದರೆ ಇಡೀ ಮನೆ ಹುಡುಕಬೇಕಾಗುತ್ತದೆ. ಮಾತ್ರೆ ಅರೆದು ಗಂಜಿಯಲ್ಲಿ ಬೆರೆಸಿ ಚಮಚದಲ್ಲಿ ಕುಡಿಸುವುದು. ತನಗೆಂದು ಮಾಡಿಕೊಂಡ ಚಹಾವನ್ನು ಒಲೆಯ ಪಕ್ಕ ಮರೆಯುವುದು. ಇಷ್ಟೂ ಬೆಳಕು ಹರಿಯುವ ಮೊದಲು.

ಬೆಳಕು ಹರಿದ ಮೇಲೆ ಅವಳು ಸಮಾಜಸೇವೆಗೆ ಹೊರಡುತ್ತಿದ್ದಳು.

ಕಾಲೇಜಿನ ಸೇವೆ ಮತ್ತು ನಾಯಕತ್ವ ಕಾರ್ಯಕ್ರಮದ ಉಸ್ತುವಾರಿ ಹದಿನಾಲ್ಕು ವರ್ಷದಿಂದ ಅವಳದು. ಮೆಟ್ಟಿಲ ಕೆಳಗಿನ ಒಂದು ಕೋಣೆ, ಎರಡು ಕಬ್ಬಿಣದ ಕಪಾಟು, ಮೂಲೆಯಲ್ಲಿ ಒಂದು ಹೊರೆ ಪೊರಕೆ, ಮೊಳೆಗೆ ತೂಗುಬಿಟ್ಟ ಸೀಟಿಗಳು. ಸೇರಿದವರೆಲ್ಲ ವರ್ಷಕ್ಕೆ ನೂರಿಪ್ಪತ್ತು ಗಂಟೆ ಸೇವೆ ಮಾಡಬೇಕು. ಮಾಡಿದ ಪ್ರತಿ ಗಂಟೆಗೂ ಅವಳ ಕೆಂಪು ಶಾಯಿಯ ಸಹಿ ಬೀಳಬೇಕು. ಅದಕ್ಕೇ ಮಕ್ಕಳು ಅವಳನ್ನು ಗಂಟೆ ಮೇಡಂ ಎನ್ನುತ್ತಿದ್ದರು. ಎದುರಿಗೇ ಅನ್ನುತ್ತಿದ್ದರು, ಅವಳಿಗೂ ಬೇಸರವಿರಲಿಲ್ಲ. ಮನೆಯಲ್ಲಿ ಅವಳಿಗೆ ಹೆಸರೇ ಇರಲಿಲ್ಲ. ಅತ್ತೆ ಕರೆಯುವಾಗ ಮಂಚದ ಕಂಬಿ ತಟ್ಟುತ್ತಿದ್ದರು, ಗಂಡ ‘ಇವಳೇ’ ಎನ್ನುತ್ತಿದ್ದ.

“ಊರಿಗೆ ಉಪಕಾರಿ, ಮನೆಗೆ ಮಾರಿ,” ಎನ್ನುವುದು ಅವಳು ಚಪ್ಪಲಿ ಮೆಟ್ಟುವಾಗ ಅತ್ತೆ ಒಳಗಿನಿಂದ ಹೇಳುವ ಮಾತು. ಅರ್ಧ ದೇಹ ಬಿದ್ದುಹೋಗಿ ಆರು ವರ್ಷವಾಗಿತ್ತು. ನಾಲಿಗೆ ಮಾತ್ರ ಒಂದು ದಿನವೂ ಮಲಗಿರಲಿಲ್ಲ.

ಕಾರ್ಯಕ್ರಮದ ನಿಯಮ ಒಟ್ಟು ಹನ್ನೆರಡು. ಏಳನೆಯದು ಅವಳೇ ಬರೆದದ್ದು. ಎರಡನೇ ವರ್ಷ ಒಬ್ಬ ಪೋರ ಅಪ್ಪನ ಅಂಗಡಿಯಲ್ಲಿ ಕುರ್ಚಿ ಬಿಸಿ ಮಾಡಿ, ‘ಅರವತ್ತು ಗಂಟೆ ಸೇವೆ’ ಎಂದು ಅಪ್ಪನಿಂದಲೇ ಬರೆಸಿಕೊಂಡು ಬಂದಿದ್ದ. ಅವಳಿಗೆ ಮೈಯೆಲ್ಲ ಉರಿದಿತ್ತು. ಅದೇ ಬಿಸಿಯಲ್ಲಿ ಬರೆದಳು: ‘ಸ್ವಂತ ಮನೆಯಲ್ಲಿ, ಸ್ವಂತದವರಿಗೆ ಮಾಡಿದ ಕೆಲಸವನ್ನು ಸೇವೆಯೆಂದು ಪರಿಗಣಿಸಲಾಗದು.’ ಪ್ರಿನ್ಸಿಪಾಲರು ಸಭೆಯಲ್ಲಿ ಅದನ್ನು ಎರಡು ಸಲ ಓದಿ, “ಹಿತ್ತಲ ಗಿಡ ಮದ್ದಲ್ಲ ಅಂತ ಕಾನೂನೇ ಮಾಡಿಬಿಟ್ರಲ್ಲ ಮೇಡಂ,” ಎಂದು ನಕ್ಕಿದ್ದರು. ಅವಳೂ ನಕ್ಕಿದ್ದಳು.

ಈ ವರ್ಷದ ತಂಡದಲ್ಲಿ ಒಬ್ಬಳು ಹುಡುಗಿಯಿದ್ದಳು. ಶಿಬಿರದ ಮೊದಲ ದಿನ ಎಂದಿನಂತೆ ಹುಡುಗರು ಮುಂದಾಳುಗಳಾಗಿ, ಹುಡುಗಿಯರು ಅಡುಗೆ ಸಮಿತಿಯಾಗಿ ತಾವಾಗಿಯೇ ಹಂಚಿಹೋದಾಗ, ಇವಳು ಮೊಳೆಯಿಂದ ಸೀಟಿ ಕಿತ್ತುಕೊಂಡು ಊದಿ, “ಈರುಳ್ಳಿ ಹೆಚ್ಚೋಕೂ ನಾಯಕತ್ವ ಬೇಕಂತೆ, ಬನ್ರೋ,” ಎಂದು ಹುಡುಗರನ್ನು ಅಡುಗೆಮನೆಗೆ ಅಟ್ಟಿದ್ದಳು. ಅಂದಿನಿಂದ ಅವಳ ಹೆಸರು ಸೀಟಿ. ಮುಂದೆ ಸಮಾಜಸೇವೆಯನ್ನೇ ಓದಬೇಕೆಂಬ ಆಸೆ ಅವಳಿಗೆ. ಆ ಓದಿಗೆ ಈ ಕಾರ್ಯಕ್ರಮದ ಪ್ರಮಾಣಪತ್ರವಿಲ್ಲದೆ ಅರ್ಜಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಎಪ್ಪತ್ತನಾಲ್ಕು ಗಂಟೆಗೆ ಸೀಟಿ ನಿಂತುಹೋಯಿತು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದ ಅವಳ ತಾಯಿ ಒದ್ದೆ ನೆಲದಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳು. ಮನೆಯಲ್ಲಿ ಇನ್ನೊಬ್ಬರಿಲ್ಲ. ನಾಲ್ಕು ತಿಂಗಳು ಹುಡುಗಿ ತರಗತಿಗೆ ಓಡಿ ಬಂದು ಓಡಿ ಹೋದಳು.

“ನಲವತ್ತಾರು ಗಂಟೆ ಕಮ್ಮಿ ಇದೆ ಕಣೇ,” ಎಂದಳು ಗಂಟೆ ಮೇಡಂ, ದಾಖಲೆ ಪುಸ್ತಕ ತಿರುಗಿಸುತ್ತ.

“ಮನೇಲಿ ಮಾಡ್ತಿರೋದನ್ನ ಬರ್ಕೊಂಡ್ರೆ ಒಂದೇ ವಾರಕ್ಕೆ ಮುಗಿಯುತ್ತೆ ಮೇಡಂ.”

“ಏಳನೇ ನಿಯಮ ಗೊತ್ತಲ್ಲ?”

“ಗೊತ್ತು. ಪಕ್ಕದ್ಮನೆ ಅಮ್ಮ ಬಿದ್ದಿದ್ರೆ ಆಗ್ತಿತ್ತು. ನಮ್ಮಮ್ಮನೇ ಬೀಳ್ಬೇಕಿತ್ತಾ?” ಹುಡುಗಿ ನಗೆಯಾಡಿದಳೋ ಚುಚ್ಚಿದಳೋ ತಿಳಿಯಲಿಲ್ಲ.

ಅವಳು ಹುಡುಗಿಗಾಗಿ ಪ್ರಿನ್ಸಿಪಾಲರ ಬಳಿ ಹೋಗಿ ಒಂದು ವಿನಾಯಿತಿ ಕೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು. “ಒಂದು ಸಲ ಬಾಗಿಲು ತೆಗೆದ್ರೆ ನಾಳೆ ಎಲ್ರೂ ಮನೇಲಿ ಪಾತ್ರೆ ತೊಳೆದೆ ಅಂತ ಬರ್ತಾರೆ. ನೀವೇ ಬರೆದ ನಿಯಮ. ನೀವೇ ಮುರಿದ್ರೆ ಕಾರ್ಯಕ್ರಮ ನಿಮ್ಮ ಕೈಲಿರಲ್ಲ, ಈಗಲೇ ಹೇಳಿರ್ತೀನಿ.” ಕಾರ್ಯಕ್ರಮವನ್ನು ತೆಗೆದುಕೊಳ್ಳಲು ಇತಿಹಾಸದ ಮೇಷ್ಟ್ರು ಮೂರು ವರ್ಷದಿಂದ ಬಾಯಿ ತೆರೆದು ಕೂತಿದ್ದರು. ಪೊರಕೆಗಿಂತ ಮೊದಲು ಫೋಟೋದವನನ್ನು ಕರೆಸುವ ಮನುಷ್ಯ.

ಪರಿಹಾರ ಹುಟ್ಟಿದ್ದು ಬೆಳಗಿನ ವಾಕಿಂಗಿನಲ್ಲಿ. ಅವಳ ಗಂಡನೂ ಪ್ರಿನ್ಸಿಪಾಲರೂ ಕೆರೆಯ ಸುತ್ತ ಒಟ್ಟಿಗೆ ನಡೆಯುವವರು. ಗಂಡ ಬೂಟು ಬಿಚ್ಚುತ್ತಲೇ ಹೇಳಿದ: “ನಿನ್ನ ಹುಡುಗಿ ಸಮಸ್ಯೆ ಬಗೆಹರೀತು. ದಿನಾ ಬೆಳಿಗ್ಗೆ ಆರರಿಂದ ಎಂಟು, ಇಪ್ಪತ್ಮೂರು ದಿನ, ನಮ್ಮನೆಗೆ ಬರ್ತಾಳೆ. ಅಮ್ಮನ್ನ ನೋಡ್ಕೋತಾಳೆ. ವೃದ್ಧರ ಸೇವೆ. ನಿಮ್ಮ ಪ್ರಿನ್ಸಿಪಾಲನೂ ಒಪ್ಪಿದಾನೆ.”

“ನಮ್ಮನೇಗಾ?”

“ಅವಳಿಗೆ ಇದು ಸ್ವಂತ ಮನೆ ಅಲ್ವಲ್ಲ. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ. ನಿಂಗೂ ಸ್ವಲ್ಪ ಕೈ ಬಿಡುವಾಗುತ್ತೆ. ನಿನ್ನ ಕಷ್ಟ ನಂಗೆ ಕಾಣಲ್ಲ ಅನ್ಕೊಂಡಿದೀಯಾ?”

ಆರು ವರ್ಷದಲ್ಲಿ ಅವನು ಅವಳ ಕಷ್ಟವನ್ನು ಕಂಡದ್ದು ಅದೇ ಮೊದಲು. ಕಂಡ ಕೂಡಲೇ ಅದನ್ನು ಇನ್ನೊಬ್ಬ ಹೆಣ್ಣಿನ ತಲೆಗೆ ದಾಟಿಸಿದ್ದ. ತನ್ನ ಎರಡು ಕೈ ಅವನಿಗೆ ನೆನಪಾಗಲೇ ಇಲ್ಲ.

ಅವಳು ಬೇಡ ಎನ್ನಲಿಲ್ಲ. ಅದನ್ನು ಇಲ್ಲಿ ಹೇಳಲೇಬೇಕು. ಹುಡುಗಿಗೆ ಗಂಟೆ ಸಿಗುತ್ತದೆ ಎಂದು ತನಗೇ ಹೇಳಿಕೊಂಡಳು.

ಮರುದಿನ ಸರಿಯಾಗಿ ಆರಕ್ಕೆ ಸೀಟಿ ಬಂದಳು. ಚಪ್ಪಲಿ ಬಿಟ್ಟು, ಕೈ ತೊಳೆದು, ಅತ್ತೆಯ ಕೋಣೆಗೆ ನಡೆದಳು. ಹಾಸನ್ನು ಉದ್ದಕ್ಕೆ ಸುರುಳಿ ಸುತ್ತಿ, ಅದರ ಅಂಚನ್ನೇ ಹಿಡಿದು ಒಂದೇ ಎಳೆತಕ್ಕೆ ಆ ಭಾರದ ದೇಹವನ್ನು ಹೊರಳಿಸಿದಳು. ಗಂಟೆ ಮೇಡಂ ಆರು ವರ್ಷ ಮಾಡಿದರೂ ಕಲಿಯದ ಉಪಾಯ. ಅತ್ತೆ ಮುಲುಗಲಿಲ್ಲ. “ಈ ಹುಡುಗಿ ಕೈ ಮೆತ್ತಗಿದೆ,” ಎಂದರು, ಸೊಸೆಗೆ ಕೇಳುವಷ್ಟು ಜೋರಾಗಿ. “ಕೆಲವ್ರು ಮೂಟೆ ತಿರುಗಿಸಿದ ಹಾಗೆ ತಿರುಗಿಸ್ತಾರೆ.”

ಅವಳು ಅಡುಗೆಮನೆಯ ಮುಕ್ಕಾಲಿಯ ಮೇಲೆ ಕೂತಳು. ಕೈಯಲ್ಲಿ ಲೋಟ. ಚಹಾ ತುಟಿ ಸುಡುವಷ್ಟು ಬಿಸಿಯಿತ್ತು. ಬಿಸಿ ಚಹಾಕ್ಕೆ ಏಲಕ್ಕಿಯ ವಾಸನೆ ಇರುತ್ತದೆಂಬುದು ಅವಳಿಗೆ ಮರೆತೇಹೋಗಿತ್ತು. ಎರಡು ಗುಟುಕು ಕುಡಿದಳು. ಎಷ್ಟು ಸುಖವಾಯಿತೆಂದರೆ ನಾಚಿಕೆಯಾಯಿತು.

“ನಿಮ್ಮಮ್ಮನ್ನ ಯಾರು ನೋಡ್ಕೋತಾರೆ ಈಗ?” ಎಂದು ಕೇಳಿದಳು, ಹುಡುಗಿ ಬಕೆಟ್ಟು ಹಿಡಿದು ಹಾದುಹೋಗುವಾಗ.

“ಐದಕ್ಕೆ ಎಡಗಡೆ ಮಲಗಿಸಿ ಬಂದಿದೀನಿ. ಎಂಟೂವರೆಗೆ ಹೋಗಿ ತಿರುಗಿಸ್ತೀನಿ. ಅಲ್ಲೀತನಕ ಹಾಗೇ ಇರ್ತಾಳೆ.” ಸ್ವಲ್ಪ ತಡೆದು, “ನೀರು ಕೈಗೆ ಸಿಗೋ ಹಾಗೆ ಇಟ್ಟಿದೀನಿ. ಕುಡಿಯಲ್ಲ ಅವಳು. ಕುಡಿದ್ರೆ ಒದ್ದೆ ಆಗುತ್ತಲ್ಲ, ನಾನಿರಲ್ವಲ್ಲ.”

ಲೋಟ ಅವಳ ಕೈಯಲ್ಲೇ ಆರಿತು.

ಮಧ್ಯಾಹ್ನ ಕಾಲೇಜು ಖಾಲಿಯಾದ ಮೇಲೆ ಅವಳು ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲು ಮುಂದೆ ಮಾಡಿ ಕಪಾಟು ತೆರೆದಳು. ಹದಿಮೂರು ವರ್ಷದ ದಾಖಲೆ ಪುಸ್ತಕಗಳು. ಗಂಟೆ ಸಾಲದೆ ಹೆಸರು ಹೊಡೆದುಹಾಕಿದವರನ್ನು ಹುಡುಕಿದಳು. ಹೊಡೆದದ್ದು ಅವಳದೇ ಕೆಂಪು ಶಾಯಿ, ಅಡಿಕೋಲಿಟ್ಟು ಎಳೆದ ನೇರ ಗೆರೆ. ಒಟ್ಟು ಹನ್ನೊಂದು ಹೆಸರು. ಅಕ್ಕನ ಬಾಣಂತನ. ಅಜ್ಜಿಗೆ ಕಣ್ಣಿಲ್ಲ. ತಾಯಿ ಆಸ್ಪತ್ರೆಯಲ್ಲಿ, ಚಿಕ್ಕ ತಮ್ಮಂದಿರು ಇಬ್ಬರು. ಕಾರಣದ ಅಂಕಣದಲ್ಲಿ ಅವಳ ಕೈಬರಹವೇ: ‘ಏಳನೇ ನಿಯಮದ ಪ್ರಕಾರ ಅನರ್ಹ.’ ಹನ್ನೊಂದರಲ್ಲಿ ಒಂದೂ ಗಂಡು ಹೆಸರಿಲ್ಲ. ಯಾವ ಪೋರನಿಗೆಂದು ಬಲೆ ನೇಯ್ದಿದ್ದಳೋ ಆ ಜಾತಿಯ ಮೀನು ಒಂದೂ ಅದರಲ್ಲಿ ಬಿದ್ದಿರಲಿಲ್ಲ. ಅಂಗಡಿಯಲ್ಲಿ ಕುರ್ಚಿ ಬಿಸಿ ಮಾಡಿದವನು ಮರುವರ್ಷವೇ ಇನ್ನೊಬ್ಬರ ಅಂಗಡಿಯಲ್ಲಿ ಕೂತು ಗಂಟೆ ತುಂಬಿಸಿ, ಉತ್ತಮ ನಾಯಕನ ಪದಕವನ್ನೂ ಒಯ್ದಿದ್ದ. ಕೊರಳಿಗೆ ಹಾಕಿದವಳು ಅವಳೇ.

ಆ ಹನ್ನೊಂದು ಹುಡುಗಿಯರು ಈಗ ಎಲ್ಲಿದ್ದಾರೋ. ಯಾರ ಮಗ್ಗುಲು ಬದಲಿಸುತ್ತಿದ್ದಾರೋ.

ಮೇಜಿನ ಮೇಲೆ ಸೀಟಿಯ ಅರ್ಜಿಯಿತ್ತು. ‘ಸೇವೆಯ ಸ್ಥಳ’ ಎಂಬಲ್ಲಿ ತನ್ನ ಮನೆಯ ವಿಳಾಸ, ಗಂಡನ ದುಂಡು ಅಕ್ಷರದಲ್ಲಿ. ಕೆಳಗೆ ಪ್ರಿನ್ಸಿಪಾಲರ ಒಪ್ಪಿಗೆ. ಸುಮ್ಮನಿದ್ದರೆ ಸಾಕಿತ್ತು. ಇನ್ನು ಇಪ್ಪತ್ತೆರಡು ಬೆಳಗು ಬಿಸಿ ಚಹಾ. ಹುಡುಗಿಗೆ ಪ್ರಮಾಣಪತ್ರ. ಅತ್ತೆಗೆ ಮೆತ್ತಗಿನ ಕೈ. ಮೆಟ್ಟಿಲ ಕೆಳಗಿನ ಈ ಕೋಣೆ, ಲೋಕದಲ್ಲಿ ಅವಳದೆಂದು ಬೀಗದಕೈ ಇರುವ ಒಂದೇ ಒಂದು ಕೋಣೆ, ಅವಳದಾಗಿಯೇ ಉಳಿಯುತ್ತಿತ್ತು. ಎಡ ಮಗ್ಗುಲಿಗೆ ಮಲಗಿ, ಬಾಯಾರಿ, ನೀರನ್ನು ನೋಡುತ್ತ ಎಂಟೂವರೆಗೆ ಕಾಯುವ ಇಸ್ತ್ರಿಯವಳನ್ನು ಯಾರೂ ಯಾವ ಅಂಕಣದಲ್ಲೂ ಬರೆಯುತ್ತಿರಲಿಲ್ಲ.

ಮಹಡಿಯಿಂದ ಪ್ರಿನ್ಸಿಪಾಲರ ಕೋಣೆಯ ಕಿಟಕಿ ಮುಚ್ಚುವ ಸದ್ದು ಕೇಳಿತು. ಅವರು ಹೊರಡುವುದಕ್ಕೆ ಇನ್ನು ಹತ್ತು ನಿಮಿಷ.

ಅವಳು ಹುಡುಗಿಗೆ ಫೋನು ಮಾಡಿದಳು. “ನಾಳೆಯಿಂದ ನಮ್ಮನೆಗೆ ಬರ್ಬೇಡ.”

ಆ ಕಡೆಯಿಂದ ಸಣ್ಣ ದನಿ: “ನಾನೇನಾದ್ರೂ ತಪ್ಪು ಮಾಡಿದ್ನಾ ಮೇಡಂ?”

“ಇಲ್ಲ. ಮೊದ್ಲು ನಿಮ್ಮಮ್ಮನಿಗೆ ನೀರು ಕೊಡು.”

ಫೋನು ಇಟ್ಟು, ಹೊಸ ಅರ್ಜಿಯೊಂದನ್ನು ಎಳೆದುಕೊಂಡಳು. ಸೇವೆಯ ಸ್ಥಳ: ಹುಡುಗಿಯ ಸ್ವಂತ ಮನೆ. ಸೇವೆ ಪಡೆದವರು: ತಾಯಿ. ಗಂಟೆಗಳು ಎಂಬಲ್ಲಿ ಪೆನ್ನು ತುಸು ನಿಂತಿತು. ನಾಲ್ಕು ತಿಂಗಳ ನಿಜವಾದ ಲೆಕ್ಕಕ್ಕೆ ಆ ಚೌಕದಲ್ಲಿ ಜಾಗವಿರಲಿಲ್ಲ. ನಲವತ್ತಾರು ಎಂದು ಬರೆದಳು. ಕೆಳಗೆ, ಏಳನೇ ನಿಯಮಕ್ಕೆ ವಿರುದ್ಧವಾಗಿದೆ ಎಂದು ತಿಳಿದೇ ಸಹಿ ಮಾಡಿದ್ದೇನೆ ಎಂದು ಕೆಂಪು ಶಾಯಿಯಲ್ಲಿ ಸ್ಪಷ್ಟವಾಗಿ ಬರೆದು ಸಹಿ ಹಾಕಿದಳು. ಆಮೇಲೆ ಕೊರಳಿನ ದಾರದಿಂದ ಕೋಣೆಯ ಬೀಗದಕೈ ಬಿಚ್ಚಿ, ಆ ಕಾಗದದ ಮೇಲಿಟ್ಟು, ಎರಡನ್ನೂ ಹಿಡಿದು ಮೆಟ್ಟಿಲು ಹತ್ತಿದಳು.