ಮೂರನೆಯ ಕೂಗು

ನೀರುಗಂಟಿ ತಿಮ್ಮಣ್ಣ ಒಂದು ಸಲ ಕರೆದರೆ ಓಗೊಡುವ ಮನುಷ್ಯನಲ್ಲ. ಕಡಬದ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ಶಾನುಭೋಗರೇ ಏರಿಯ ಮೇಲೆ ನಿಂತು ಕರೆದರೂ ಮೂರನೆಯ ಕೂಗಿಗೇ ತಲೆಯೆತ್ತುತ್ತಿದ್ದ. ಅವರು ಬೈದರೆ ತೆಪ್ಪಗೆ ಕೈಮುಗಿಯುತ್ತಿದ್ದ.

"ಒಂದೇ ಸಲ ಕೂಗೋದು ಕೂಗುಮಾರಿ ಕಣವ್ವ. ಮೂರ್ಸಲ ಕೂಗೋದು ಮನ್ಸ. ಮಾರಿಗೆ ಓ ಅಂದ್ಯೋ, ಆ ಮನೇಲಿ ಒಂದು ಜೀವ ಹೋಯ್ತು ಅಂತ್ಲೇ ತಿಳ್ಕೊ" ಎನ್ನುತ್ತಿದ್ದ. ಹೇಳುವವನೇ ಹೆದರಿಕೊಂಡು ಹೇಳಿದರೆ ಮಕ್ಕಳು ನಂಬದೆ ಏನು ಮಾಡಿಯಾರು?

ಐವತ್ತರ ದಶಕದ ಮಾತು. ನನಗಾಗ ಒಂಬತ್ತು ವರ್ಷ. ಒಂದು ಮಧ್ಯಾಹ್ನ ಶಾಲೆ ಬಿಟ್ಟು ಏರಿಯ ಮೇಲೆ ಬರುತ್ತಿದ್ದಾಗ ಯಾರೋ "ಕಮಲೀ" ಎಂದಂತಾಯಿತು. ಬಾಯಿತಪ್ಪಿ "ಓ" ಎಂದುಬಿಟ್ಟೆ. ತಿರುಗಿದರೆ ಯಾರೂ ಇಲ್ಲ, ಇನ್ನೊಂದು ಸಲ ಕರೆಯಲೂ ಇಲ್ಲ.

ಮೂರೇ ದಿನಕ್ಕೆ ತಮ್ಮನಿಗೆ ಜ್ವರ. ಗುಬ್ಬಿಯಿಂದ ಡಾಕ್ಟರು ಬಂದು ಔಷಧಿ ಕೊಟ್ಟರೂ ಇಳಿಯಲಿಲ್ಲ. ಅಮ್ಮ ಅವನ ಹಣೆಗೆ ಒದ್ದೆ ಬಟ್ಟೆ ಹಾಕುವುದನ್ನು ನೋಡಿದಾಗಲೆಲ್ಲ ಏರಿಯ ಮೇಲಿನ ಆ ಕೂಗು ನೆನಪಾಗುತ್ತಿತ್ತು. ಓ ಅಂದವಳು ನಾನು, ಹೋಗುವವನು ಅವನೇಕೆ? ಯಾರಿಗೂ ಹೇಳದೆ, ಮಾರಿಗೆ ನನ್ನನ್ನೇ ಒಪ್ಪಿಸಿಕೊಳ್ಳಲು ಕೆರೆಗೆ ಇಳಿದೆ.

ನೀರು ಎದೆಮಟ್ಟಕ್ಕೆ ಬಂದಾಗ ಹಿಂದಿನಿಂದ ಕೂಗು ಕೇಳಿಸಿತು. "ಕಮಲೀ!"

"ಬಂದೆ" ಎಂದು ಇನ್ನೊಂದು ಹೆಜ್ಜೆ ಮುಂದಿಟ್ಟೆ. ಕಾಲ ಕೆಳಗೆ ಕೆಸರು ಜಾರಿತು.

"ಕಮಲೀ!"

ಮಾರಿ ಎರಡನೆಯ ಸಲ ಕೂಗುವುದಿಲ್ಲವಲ್ಲ. ನಿಂತೆ. ಮೂರನೆಯ ಕೂಗಿನ ಜೊತೆಗೇ ತಿಮ್ಮಣ್ಣ ನೀರಿಗೆ ಬಿದ್ದು ಬಂದು ನನ್ನ ಜಡೆ ಹಿಡಿದು ದಡಕ್ಕೆಳೆದ.

ಬಯ್ಯುತ್ತಾನೆ ಎಂದುಕೊಂಡಿದ್ದೆ. ನನ್ನ ಕತೆಯೆಲ್ಲ ಕೇಳಿ, "ನನ್ ಬಾಯಿಗೆ ಮಣ್ಣಾಕ" ಎಂದು ಅತ್ತ. ಆಮೇಲೆ ಮುಖ ಒರೆಸಿಕೊಂಡು, "ಈಗ ನೀನು ನನ್ ಹೆಸ್ರಿಡ್ದು ಕೂಗು. ಒಂದೇ ಸಲ" ಎಂದ.

"ಬ್ಯಾಡ ತಿಮ್ಮಣ್ಣ!"

"ನಮ್ಮನೇಲಿ ಇರೋನು ನಾನೊಬ್ನೇ ಕಣವ್ವ. ಕೂಗು."

ಕೂಗಿದೆ. ಅವನು ಕೆರೆಯ ಕಡೆ ತಿರುಗಿ ನಿಂತ.

"ಓ" ಎಂದ. "ಆಯ್ತಲ್ಲ? ಇನ್ ಅದು ನನ್ ತಾವಕ್ಕೇ ಬರ್ಲಿ. ಮನೆಗ್ ನಡಿ."

ವಾರದೊಳಗೆ ತಮ್ಮನ ಜ್ವರ ಬಿಟ್ಟಿತು. ನನಗೆ ಮಾತ್ರ ಹೊಸ ಭಯ ಹಿಡಿಯಿತು. ದಿನಾ ಶಾಲೆಗೆ ಹೋಗುವಾಗ ಏರಿಯಿಂದ ಕೂಗಿ ನೋಡುತ್ತಿದ್ದೆ. "ಓ, ಇದೀನಿ ಕಣವ್ವ" ಎನ್ನುತ್ತಿದ್ದ, ಒಂದೇ ಕೂಗಿಗೆ. ಊರಿನ ಉಳಿದವರಿಗೆಲ್ಲ ಮೂರೇ. ಅವನನ್ನು ನಾನೆಷ್ಟು ಪ್ರೀತಿಸುತ್ತಿದ್ದೆ ಎಂದು ಹೇಳಲು ನನಗೆ ಗೊತ್ತಿದ್ದದ್ದು ಆ ಕೂಗೊಂದೇ.

ಮುಂದೆ ತುಮಕೂರಿನಲ್ಲಿ ಓದುತ್ತಿದ್ದಾಗ ಒಂದು ರಜೆಗೆ ಊರಿಗೆ ಬಂದವಳು ಏರಿಯ ಮೇಲೆ ನಿಂತು "ತಿಮ್ಮಣ್ಣೋ" ಎಂದೆ. ತೂಬಿನ ಹತ್ತಿರ ಬೇರೆ ಯಾರೋ ತಲೆಯೆತ್ತಿದರು.

"ಅವ್ರು ಹೋಗ್ಬುಟ್ರು ಕಣವ್ವ. ತಿಂಗಳಾಯ್ತು."

ಕೇಳಿಸಿತು. ಆದರೂ ಇನ್ನೆರಡು ಸಲ ಕೂಗಿದೆ.