ಅಡವಿಲ್ಲದೆ ಹೊಸ್ತಿಲು ದಾಟದ ಪಾತಾಳಗರಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಿರುಗುಪ್ಪದ ಕೆಳಗಿನ ಓಣಿಯ ಸೇದುಬಾವಿಯ ಕಟ್ಟೆಯ ಮೇಲೆ ಗಾದೆಮ್ಮ ಒಂದು ಕಾಲೂರಿ ಬಗ್ಗಿದ್ದಾಳೆ. ಹಗ್ಗದ ತುದಿಯಲ್ಲಿ ಪಾತಾಳಗರಡಿ, ಅಂದರೆ ಸುತ್ತಲೂ ಕೊಕ್ಕೆ ಜೋತುಬಿದ್ದ ಕಬ್ಬಿಣದ ಬಳೆ, ಬಾವಿಯ ತಳದಲ್ಲಿ ತಡಕಾಡುತ್ತಿದೆ. ಅತ್ತೆ ಏಳುವುದರೊಳಗೆ ಬಿಂದಿಗೆ ಸಿಕ್ಕರೆ ಸಾಕೆಂದು ಸೊಸೆಯೊಬ್ಬಳು ಪಕ್ಕದಲ್ಲೇ ನಿಂತು ಕಂಡ ದೇವರಿಗೆಲ್ಲ ಹರಕೆ ಹೊರುತ್ತಿದ್ದಾಳೆ. “ಸುಮ್ನಿರವ್ವ, ಬಾವಿ ಏನ್ ಬಿಂದಿಗಿ ತಿಂತೈತೇನು?” ಎಂದು ಗದರಿಸುತ್ತಲೇ ಗಾದೆಮ್ಮ ಹಗ್ಗ ಎಳೆಯುತ್ತಾಳೆ. ಕೆಸರು ಮೆತ್ತಿಕೊಂಡ ಬಿಂದಿಗೆ ಮೇಲೆ ಬರುತ್ತದೆ.

ತೆಕ್ಕಲಕೋಟೆಯಿಂದ ಸೊಸೆಯಾಗಿ ಬಂದವಳಿಗೆ ಗಂಡ ಬಿಟ್ಟುಹೋದ ಆಸ್ತಿಯೆಂದರೆ ಒಂದು ಗುಡಿಸಲು, ಈ ಗರಡಿ. ತಾನೇ ಹೋಗಿ ಎತ್ತಿಕೊಟ್ಟರೂ, ಬರೀ ಗರಡಿ ಕೊಟ್ಟರೂ ಮಡಿಲಿಗೆ ಒಂದಿಷ್ಟು ಜೋಳ ಬೀಳುತ್ತದೆ. ಆದರೆ ಗರಡಿ ಒಯ್ಯುವವರು ಒಂದು ಪಾತ್ರೆಯನ್ನಾದರೂ ಅಡವಿಡಬೇಕು. ಹಿಂದಿನಿಂದ ನಡೆದುಬಂದ ಪದ್ಧತಿ. ಒಮ್ಮೆ ದೊಡ್ಡ ಮನೆಯವರೆಂದು ಮುಖ ನೋಡಿ ಹಾಗೇ ಕೊಟ್ಟಳು. ಗರಡಿ ಅವರ ಅಟ್ಟ ಸೇರಿತು, ಕೇಳಲು ಹೋದರೆ ನಾಯಿ ಬಿಟ್ಟರು, ಮಳೆ ಬಿದ್ದ ಮೇಲೆಯೇ ಅದು ವಾಪಸು ಬಂದದ್ದು. “ಬ್ಯಾಸಿಗಿ ಮುಗಿಯೂ ತನಕ ಹೊಟ್ಟಿಗೆ ತಣ್ಣೀರ ಬಟ್ಟಿ ಹಾಕ್ಕೊಂಡು ಮಲಗೀನ್ರಿ. ಅವತ್ತ ಆಣಿ ಮಾಡಿದೆ, ಇನ್ನ ಅಡ ಇಲ್ದ ಕೊಡೂದಿಲ್ಲ ಅಂತ,” ಎನ್ನುತ್ತಾಳೆ.

ಆ ಆಣೆಗೆ ಈ ಬೇಸಿಗೆಯಲ್ಲಿ ಪರೀಕ್ಷೆ ಬಂತು. ಕ್ಯಾಂಪಿಗೆ ಬಂದ ಸಾಹೇಬರೊಬ್ಬರ ಬಂಗಲೆಯಲ್ಲಿ ತಾಮ್ರದ ಕೊಡ ಬಾವಿಗೆ ಬಿದ್ದಿತ್ತು. ಜವಾನ ಕಾಡಸಿದ್ದಪ್ಪ ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ ಮಿಂಚಿಸುತ್ತ ಬಂದ.

“ಗರಡಿ ಕೊಡು. ನೀ ಬರೂದು ಬ್ಯಾಡ, ಒಳಗ ಸಾಹೇಬ್ರು ಅದಾರ.”

“ಅಡಕ್ಕ ಏನ್ ತಂದೀಯಪ್ಪ?”

“ಸರ್ಕಾರಕ್ಕ ಅಡ ಕೇಳ್ತೀಯೇನು? ಠಾಣೇಕ ಒಯ್ದು ಕೂಡಿಸ್ತಾರ ನೋಡು!”

“ಕೂಡಿಸ್ಲಿ. ಗರಡಿನೂ ನನ್ನ ಕೂಡ ಬರತೈತಿ. ಸಾಹೇಬ್ರು ಮೈ ತೊಳಕೊಳ್ದ ಹಂಗ ಕುಂತಿರ್ಲಿ.”

ಗರಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೇಬಿಟ್ಟಳು. ಓಣಿಗೆ ಓಣಿಯೇ ನೆರೆಯಿತು. ಬಿಸಿಲೇರಿತು, ಸ್ನಾನದ ಹೊತ್ತು ಮೀರಿತು. ಬೇರೆ ದಾರಿ ಕಾಣದೆ ಜವಾನ ಬಿಲ್ಲೆಯನ್ನೇ ಬಿಚ್ಚಿ ಮುಂದಿಟ್ಟ. ಗಾದೆಮ್ಮ ಅದನ್ನು ಜೋಳದ ಗಡಿಗೆಯೊಳಗೆ ಹಾಕಿ ಮುಚ್ಚಿ, ಗರಡಿ ಕೊಟ್ಟಳು.

ಬಿಲ್ಲೆಯಿಲ್ಲದ ಜವಾನನನ್ನು ಕಂಡು ಸಾಹೇಬರು ಕೆಂಡವಾದರು. ಮಧ್ಯಾಹ್ನ ಅವನು ಏದುಸಿರು ಬಿಡುತ್ತ ಓಡಿಬಂದ. ಬಿಲ್ಲೆ ಈಗಲೇ ಬೇಕಂತೆ, ಗರಡಿಯನ್ನು ನಾಳೆ ಕಳಿಸುತ್ತಾರಂತೆ. “ಹಂಗಾದ್ರ ಬಿಲ್ಲಿನೂ ನಾಳಿ,” ಎಂದಳು ಗಾದೆಮ್ಮ.

ಸಂಜೆಗೆ ಗರಡಿಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಬಂದ. ಅವಳು ಒಂದೊಂದೇ ಕೊಕ್ಕೆಯ ಮೇಲೆ ಕೈಯಾಡಿಸಿದಳು. ಒಂದು ಸೊಟ್ಟಗಾಗಿತ್ತು. “ಕಮ್ಮಾರ ಎರ್ರಣ್ಣನ ಕುಲುಮಿ ಇನ್ನಾ ಆರಿಲ್ಲ. ನೆಟ್ಟಗ ಮಾಡಿಸ್ಕೊಂಡು ಬಾ, ಬಿಲ್ಲಿ ಕೊಡ್ತೀನಿ.” ಸರ್ಕಾರದ ಜವಾನ ಗರಡಿಯನ್ನು ಮತ್ತೆ ಹೆಗಲಿಗೇರಿಸಿ ಕುಲುಮೆಯ ಹಾದಿ ಹಿಡಿದ.

ಅಷ್ಟೊಂದು ಧೈರ್ಯ ಎಲ್ಲಿಂದ ಬಂತೆಂದು ಕೇಳಿದರೆ ಗಾದೆಮ್ಮ ಸೆರಗು ಸಿಕ್ಕಿಸಿಕೊಂಡು ನಗುತ್ತಾಳೆ.

“ಸ್ವರಾಜ್ಯ ಬಂತು ಅಂತ ಮೂರು ವರ್ಷದ ಹಿಂದ ಊರಾಗ ಡಂಗುರ ಸಾರಿದ್ರು. ನನ್ನ ಮನಿಗೆ ಅದು ಬಂದಿದ್ದು ಆ ಸಂಜಿಗಿ ನೋಡ್ರಿ, ಕೊಕ್ಕಿ ನೆಟ್ಟಗ ಮಾಡಿಸ್ಕೊಂಡು.”